ಹತ್ತು ಮಕ್ಕಳ ಅಜ್ಜಿಯ ಹೆಸರು ಹೇಳಿ

ನಿದ್ದೆಗೆಟ್ಟು, ಮಗುವಿನ ಹಠಕ್ಕೆ ಸೋತು, ತಾಯಿಯೊಬ್ಬಳು "ಇನ್ನು ನನ್ನ ಕೈಲಾಗೋದಿಲ್ಲ" ಎಂದರೆ ನಮ್ಮ ಮನೆಗಳಲ್ಲಿ ಸಿದ್ಧವಾಗಿರುವ ಉತ್ತರ ಒಂದೇ: "ನಿಮ್ಮಜ್ಜಿ ಎಂಟು ಹತ್ತು ಮಕ್ಕಳನ್ನು ಸಾಕಲಿಲ್ವಾ? ಒಂದು ದಿನನಾದ್ರೂ ಟೆನ್ಷನ್ ಅಂದಿದ್ರಾ?" ಓದಿದವರು, ಓದದವರು, ಗಂಡಸರು, ಹೆಂಗಸರು ಎಲ್ಲರೂ ಈ ಮಾತು ಆಡುತ್ತಾರೆ. ಹಿಂದಿನವರಿಗೆ ಸಹನೆಯಿತ್ತು, ಈಗಿನವರಿಗೆ ಇಲ್ಲ ಎಂಬುದು ಇದರ ತಾತ್ಪರ್ಯ. ಇದು ನಿಜವಲ್ಲ. ಬರೀ ಸುಳ್ಳಾಗಿದ್ದರೆ ಕೇಳಿ ಸುಮ್ಮನಾಗಬಹುದಿತ್ತು. ನೆರವು ಕೇಳಲು ಬಾಯಿ ತೆರೆದವಳ ಬಾಯನ್ನೇ ಇದು ಮುಚ್ಚಿಸುತ್ತದೆ ಎಂಬುದು ನನ್ನ ತಕರಾರು.

ಅಜ್ಜಿ ಹತ್ತು ಹೆತ್ತದ್ದು ನಿಜ. ಆದರೆ ಸಾಕಿದ್ದು ಯಾರು? ಬಹಳಷ್ಟು ಮನೆಗಳಲ್ಲಿ ಹಿರಿಯ ಮಗಳು. ಏಳೆಂಟು ವರ್ಷಕ್ಕೇ ತಮ್ಮನನ್ನು ಕಂಕುಳಲ್ಲಿ ಹೊತ್ತು, ಇನ್ನೊಂದು ಕೈಯಲ್ಲಿ ತಂಗಿಯನ್ನು ಹಿಡಿದು, ಶಾಲೆಯ ಗಂಟೆ ಹೊಡೆದಾಗ ಮನೆಯಲ್ಲೇ ಉಳಿದವಳು. ಅಮ್ಮನಿಗೆ ಮತ್ತೆ ಹೆರಿಗೆ ಅಂತ ಮೂರನೆಯ ಕ್ಲಾಸಿಗೇ ಓದು ಬಿಟ್ಟ ದೊಡ್ಡಮ್ಮಂದಿರು ನಮ್ಮ ಎಷ್ಟೋ ಕುಟುಂಬಗಳಲ್ಲಿ ಇದ್ದಾರೆ. ಅಜ್ಜಿಯ ಸಹನೆ ಎಂದು ನಾವು ಕೊಂಡಾಡುವುದರಲ್ಲಿ ಅವರ ಬಾಲ್ಯವೂ ಸೇರಿದೆ. ಇನ್ನೊಂದು ಲೆಕ್ಕವನ್ನೂ ನಾವು ಮರೆಯುತ್ತೇವೆ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟುತ್ತಿದ್ದ ಪ್ರತಿ ಸಾವಿರ ಶಿಶುಗಳಲ್ಲಿ 129 ಶಿಶುಗಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಅದಕ್ಕೂ ಹಿಂದೆ ಸಾವು ಇನ್ನೂ ಹೆಚ್ಚಿತ್ತು. "ಹುಟ್ಟಿದ್ದು ಹತ್ತು, ಉಳಿದದ್ದು ಆರು" ಎಂದು ಸಲೀಸಾಗಿ ಹೇಳಿ ಮುಗಿಸುತ್ತೇವೆ. ಉಳಿಯದ ನಾಲ್ಕಕ್ಕಾಗಿ ಆಕೆ ಹಿತ್ತಿಲಲ್ಲಿ ಕೂತು ಎಷ್ಟು ಅತ್ತಳು ಎಂದು ಆಗ ಕೇಳಿದವರಿಲ್ಲ. ಈಗ ಕೇಳೋಣವೆಂದರೆ ಆಕೆಯೇ ಇಲ್ಲ. ಕೇಳದೇ ಉಳಿದದ್ದನ್ನು ಇಲ್ಲವೇ ಇಲ್ಲ ಎಂದುಕೊಂಡುಬಿಟ್ಟಿದ್ದೇವೆ.

ಮನಸ್ಸು ಕೆಟ್ಟವರೂ ಆಗ ಇದ್ದರು. ಅವರಿಗೆ ಬಾಣಂತಿ ಸನ್ನಿ ಎಂದೋ ಗಾಳಿ ಸೋಂಕೆಂದೋ ಹೇಳಿ ತಾಯಿತ ಕಟ್ಟಿಸಿದರು, ಕೋಣೆಯಲ್ಲಿ ಕೂಡಿಹಾಕಿದರು, ಇಲ್ಲವೇ ತವರಿಗೆ ಅಟ್ಟಿದರು. ತ್ರಿವೇಣಿ 'ಶರಪಂಜರ' ಕಾದಂಬರಿ ಬರೆದು ಅರವತ್ತು ವರ್ಷಗಳ ಮೇಲಾಯಿತು. ಹೆರಿಗೆಯ ನಂತರ ಮನೋರೋಗಕ್ಕೆ ತುತ್ತಾಗುವ ಅದರ ಕಾವೇರಿ ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಮರಳುತ್ತಾಳೆ. ಮನೆಯವರ, ನೆರೆಹೊರೆಯವರ ಅನುಮಾನದ ಕಣ್ಣು ಅವಳನ್ನು ಮತ್ತೆ ಕೆಡವುತ್ತದೆ. ಅದನ್ನು ಆಧರಿಸಿದ ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಕಲ್ಪನಾ ಅವರ ಅಭಿನಯ ನೋಡಿ ಇಡೀ ಕರ್ನಾಟಕ ಕಣ್ಣೀರಿಟ್ಟಿತು. ಕಣ್ಣೊರೆಸಿಕೊಂಡು ಬಂದವರೇ ಮನೆಯಲ್ಲಿ "ಹಿಂದೆ ಇದೆಲ್ಲಾ ಇರಲಿಲ್ಲ" ಎನ್ನುತ್ತಾ ಬಂದಿದ್ದಾರೆ.

ಹಳೆಯ ವ್ಯವಸ್ಥೆಯಲ್ಲಿ ಒಳ್ಳೆಯದೇನೂ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಬಾಣಂತನವನ್ನೇ ನೋಡಿ. ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುವವರು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವವರು, ರಾತ್ರಿ ಅತ್ತರೆ ಎತ್ತಿಕೊಳ್ಳುವವರು, ಹೊತ್ತಿಗೆ ಸರಿಯಾಗಿ ಬಿಸಿ ಅನ್ನ ಬಡಿಸುವವರು. ಹೆತ್ತವಳೊಬ್ಬಳಿಂದಲೇ ಇದೆಲ್ಲ ಆಗದು ಎಂದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಅಂದರೆ ಅಜ್ಜಿಯ ಬಳಿ ಇದ್ದದ್ದು ನಾಲ್ಕಾರು ಜೊತೆ ಕೈಗಳು. ಆ ಕೈಗಳೆಲ್ಲ ಹೆಂಗಸರದೇ ಆಗಿದ್ದವು ಎಂಬುದೇ ಅದರ ಕೊರತೆ. ಈಗ ಅತ್ತಿಗೆ ಬ್ಯಾಂಕಿನಲ್ಲಿದ್ದಾಳೆ, ತಂಗಿ ಕಾಲೇಜಿನಲ್ಲಿದ್ದಾಳೆ, ತಾಯಿಗೆ ಮಂಡಿನೋವು. ಖಾಲಿಯಾದ ಆ ಜಾಗಕ್ಕೆ ಗಂಡಸರು ಬರಲಿಲ್ಲ.

ಒಂದು ಮಗು ಸಾಕೋದು ಏನು ಮಹಾ ಎನ್ನುವವರು ಯಾವುದಾದರೂ ಮನೆಯ ಸಂಜೆ ಆರರಿಂದ ಹತ್ತರವರೆಗಿನ ಹೊತ್ತನ್ನು ಕೂತು ನೋಡಬೇಕು. ಕುಕ್ಕರ್ ಕೂಗುತ್ತಿರುವಾಗಲೇ ಡೈರಿ ತೆಗೆದು ನೋಡಬೇಕು, ಮಗ್ಗಿ ಒಪ್ಪಿಸಿಕೊಳ್ಳಬೇಕು, ಯೂನಿಫಾರ್ಮಿನ ಕಲೆ ಉಜ್ಜಬೇಕು. ಒಂಬತ್ತಕ್ಕೆ ಕ್ಲಾಸಿನ ವಾಟ್ಸಾಪ್ ಗ್ರೂಪಿನಲ್ಲಿ ಸಂದೇಶ: ನಾಳೆ ಹಸಿರು ಚಾರ್ಟ್ ಪೇಪರ್, ಐದು ಬಗೆಯ ಎಲೆ. ಸ್ಟೇಷನರಿ ಅಂಗಡಿಯವನು ಶಟರ್ ಎಳೆದಾಗಿದೆ. ಮಗು ಅಳುತ್ತದೆ, ತಾಯಿ ರೇಗುತ್ತಾಳೆ, ರೇಗಿದ್ದಕ್ಕೆ ರಾತ್ರಿಯೆಲ್ಲ ಕೊರಗುತ್ತಾಳೆ. ಅಜ್ಜಿಯ ಕಾಲದ ಮಗು ತಿಂದು, ಆಡಿ, ಮಲಗಿದರೆ ಮುಗಿಯಿತು. ಈಗಿನ ಮಗುವಿನ ಅಂಕ, ತೂಕ, ಮೊಬೈಲ್ ಚಟ ಎಲ್ಲಕ್ಕೂ ತಾಯಿಯೇ ಜವಾಬು ಹೇಳಬೇಕು. ಆ ಗ್ರೂಪಿನಲ್ಲಿ ಅಪ್ಪನ ನಂಬರು ಯಾಕಿಲ್ಲ ಎಂದು ಯಾವ ಶಾಲೆಯೂ ಕೇಳಿದ್ದನ್ನು ನಾನು ಕಂಡಿಲ್ಲ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಇದರ ಲೆಕ್ಕ ಸಿಗುತ್ತದೆ. ಸಂಬಳವಿಲ್ಲದ ಮನೆಗೆಲಸ ಮಾಡಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟಿದ್ದಾರೆ. ಗಂಡಸರು 88. ಅದೂ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರೇ ನೂರಕ್ಕೆ ಸುಮಾರು 27. ಐದು ವರ್ಷ ಹಿಂದಿನ ಸಮೀಕ್ಷೆಯಲ್ಲಿ ಹೆಂಗಸರದು 299, ಗಂಡಸರದು 97. ಹೆಂಗಸರಿಗೆ ಹತ್ತು ನಿಮಿಷ ಉಳಿಯಿತೆಂದು ನೆಮ್ಮದಿಪಡೋಣವೆಂದರೆ ಗಂಡಸರದೂ ಒಂಬತ್ತು ನಿಮಿಷ ಇಳಿದಿದೆ. ಇಂಥ ದಿನಚರಿಯವಳಿಗೆ ಧ್ಯಾನ ಮಾಡು, ಪಾಸಿಟಿವ್ ಆಗಿ ಯೋಚಿಸು ಎಂದು ಹೇಳಿದರೆ ಅದಕ್ಕೆ ಬೇಕಾದ ಇಪ್ಪತ್ತು ನಿಮಿಷವನ್ನೂ ಅವಳು ತನ್ನ ನಿದ್ದೆಯಿಂದಲೇ ಕಡಿಯಬೇಕು. ಧ್ಯಾನ ಬೇಡ ಎನ್ನುವುದಿಲ್ಲ. ಅದಕ್ಕೂ ಮೊದಲು ಯಾರಾದರೂ ಎದ್ದು ಪಾತ್ರೆ ತೊಳೆಯಲಿ.

ದಣಿವು ವಾರಗಟ್ಟಲೆ ಇಳಿಯದೆ, ಊಟ, ನಿದ್ದೆ ತಪ್ಪಿ, ಸಾಯುವ ಮಾತು ಬಂದರೆ ಅದು ಕಾಯಿಲೆ. ಅಲ್ಲಿ ಸಹನೆಯ ಪಾಠ ಅಪಾಯಕಾರಿ. 2022ರಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಉಳಿದದ್ದು ಕಾನೂನು, ದುಡ್ಡಿನ ಮಾತು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26ಕ್ಕೆ ಏರಿಸಿತು, 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ಅಡಿಕೆ ಸುಲಿಯುವವಳಿಗೆ, ಮನೆಗೆಲಸದವಳಿಗೆ ಇದೆರಡೂ ತಲುಪುವುದಿಲ್ಲ. ಉದ್ಯೋಗ ಖಾತ್ರಿಯಲ್ಲಿ ದುಡಿಯುವವರ ಮಕ್ಕಳಿಗಾಗಿ ನಮ್ಮ ರಾಜ್ಯ 'ಕೂಸಿನ ಮನೆ' ತೆರೆದದ್ದು ಸರಿಯಾದ ಹೆಜ್ಜೆ. ಅಂಥವು ನಗರದ ಗಾರ್ಮೆಂಟ್ಸ್ ಕೇರಿಗಳಿಗೂ ಬೇಕು, ಶಿಫ್ಟ್ ಮುಗಿಯುವವರೆಗೂ ತೆರೆದಿರಬೇಕು. ಅಂಗನವಾಡಿಯ ಹಾಗೆ ಕತ್ತಲಾಗುವ ಮೊದಲೇ ಬಾಗಿಲು ಹಾಕಿದರೆ ಆ ತಾಯಿಗೆ ಉಪಯೋಗವಿಲ್ಲ. ಮಗು ಹುಟ್ಟಿದಾಗ ಕೇಂದ್ರ ಸರ್ಕಾರದ ನೌಕರನಾದ ತಂದೆಗೆ 15 ದಿನ ರಜೆ ಸಿಗುತ್ತದೆ. ಖಾಸಗಿ ಕೆಲಸದ ತಂದೆಗೆ ಕಾನೂನು ಒಂದು ದಿನವನ್ನೂ ಕೊಟ್ಟಿಲ್ಲ. ಮೂರು ತಿಂಗಳ ಬಾಣಂತನ ಬೇಕೆಂದು ಬಲ್ಲ ನಾಡು ಮೊದಲು ಕೇಳಬೇಕಾದದ್ದು ಆ ರಜೆಯನ್ನು.