ಅತಿಲೋಭವೂ ಅತಿಭಾರವೂ: ಗಾಲ್ಬ್ರೈತ್ ಅವರ ಒಂದು ಗ್ರಂಥವನ್ನು ಕುರಿತು

1929ರಲ್ಲಿ ಅಮೆರಿಕೆಯ ಷೇರುಪೇಟೆ ಕುಸಿದು, ಅನಂತರ ಲೋಕವನ್ನೆಲ್ಲ ಆವರಿಸಿದ ಮಹಾ ಆರ್ಥಿಕ ಮುಗ್ಗಟ್ಟಿನ ಮಾತು ನಮ್ಮ ಪ್ರವಚನಗಳಲ್ಲಿ ಬಂದಾಗ, ‘ಲೋಭವೇ ಕಾರಣ’ ಎಂಬ ಒಂದೇ ವಾಕ್ಯದಲ್ಲಿ ವಿಷಯ ಮುಗಿದುಹೋಗುತ್ತದೆ. ಲೋಭವು ಎಲ್ಲ ಕಾಲದಲ್ಲಿಯೂ ಇರುವ ಕಷಾಯ. ಅದು ಆ ವರ್ಷವೇ ಅಷ್ಟು ದೊಡ್ಡ ಅನರ್ಥಕ್ಕೆ ಹೇಗೆ ದಾರಿಯಾಯಿತು, ಅನರ್ಥವು ಅಷ್ಟು ದೀರ್ಘಕಾಲ ಏಕೆ ನಿಂತಿತು ಎಂಬ ಪ್ರಶ್ನೆಗಳಿಗೆ ಆ ವಾಕ್ಯದಲ್ಲಿ ಉತ್ತರವಿಲ್ಲ. ಉತ್ತರ ಬಯಸುವವರಿಗೆ ಜಾನ್ ಕೆನೆತ್ ಗಾಲ್ಬ್ರೈತ್ ಅವರು 1955ರಲ್ಲಿ ಪ್ರಕಟಿಸಿದ ‘ದಿ ಗ್ರೇಟ್ ಕ್ರ್ಯಾಶ್ 1929’ ಇಂದಿಗೂ ಓದತಕ್ಕ ಗ್ರಂಥ.

1961ರಿಂದ 1963ರವರೆಗೆ ಭಾರತದಲ್ಲಿ ಅಮೆರಿಕೆಯ ರಾಯಭಾರಿಯಾಗಿದ್ದ ಈ ಅರ್ಥಶಾಸ್ತ್ರಜ್ಞರು ಪೇಟೆಯ ವ್ಯವಹಾರವನ್ನು ತಿಳಿಯಾಗಿ ವಿವರಿಸಬಲ್ಲವರು. ಬೆಲೆಯ ಒಂದು ಭಾಗವನ್ನು ಮಾತ್ರ ಕೊಟ್ಟು, ಉಳಿದುದನ್ನು ದಲ್ಲಾಳಿಯಿಂದ ಸಾಲ ಪಡೆದು ಷೇರು ಕೊಳ್ಳುವ ಪದ್ಧತಿ ಆಗ ವ್ಯಾಪಕವಾಗಿತ್ತು. ತಾನು ಏನನ್ನೂ ಉತ್ಪಾದಿಸದೆ, ಅನ್ಯರ ಷೇರುಗಳನ್ನು ಕೊಳ್ಳುವುದಕ್ಕಾಗಿಯೇ ತನ್ನ ಷೇರು ಮಾರುವ ಕಂಪನಿಗಳು ಹುಟ್ಟಿದವು. ಅಂತಹ ಒಂದು ಕಂಪನಿಯ 104 ಡಾಲರಿನ ಷೇರು 1932ರ ವೇಳೆಗೆ ಒಂದೂಮುಕ್ಕಾಲು ಡಾಲರಿಗೆ ಇಳಿದಿತ್ತು. 1929ರ ಸೆಪ್ಟೆಂಬರಿನಲ್ಲಿ 381ಕ್ಕೆ ಏರಿದ್ದ ಡೌ ಜೋನ್ಸ್ ಸೂಚ್ಯಂಕ 1932ರ ಜುಲೈ ಹೊತ್ತಿಗೆ 41ಕ್ಕೆ ಕುಸಿಯಿತು.

ಆದರೆ ಗಾಲ್ಬ್ರೈತ್ ಸಟ್ಟಾ ವ್ಯಾಪಾರದ ಮೇಲೆ ಮಾತ್ರ ದೋಷ ಹೊರಿಸಿ ಸುಮ್ಮನಾಗುವುದಿಲ್ಲ. ಆದಾಯದ ಅಸಮ ಹಂಚಿಕೆ, ಕಂಪನಿಗಳ ಕೆಟ್ಟ ರಚನೆ, ದುರ್ಬಲ ಬ್ಯಾಂಕುಗಳು, ವಿದೇಶಿ ಲೇವಾದೇವಿಯ ಅಸಮತೋಲ, ಅರ್ಥಶಾಸ್ತ್ರಜ್ಞಾನದ ಕೊರತೆ ಎಂಬ ಐದು ದೌರ್ಬಲ್ಯಗಳನ್ನು ಎಣಿಸುತ್ತಾರೆ. ಜನಸಂಖ್ಯೆಯ ಶೇಕಡಾ 5ರಷ್ಟು ಮಂದಿ ಒಟ್ಟು ಆದಾಯದ ಸುಮಾರು ಮೂರನೆಯ ಒಂದು ಭಾಗವನ್ನು ಪಡೆಯುತ್ತಿದ್ದರು. ಸಿರಿವಂತರು ವೆಚ್ಚ ನಿಲ್ಲಿಸಿದೊಡನೆ ಸರಕು ಕೊಳ್ಳುವ ಶಕ್ತಿ ಉಳಿದವರಲ್ಲಿ ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಗ್ರಂಥದ ಸಾರ ಇಲ್ಲಿದೆ: ಪರಿಗ್ರಹವು ಒಂದೆಡೆ ರಾಶಿಯಾದಾಗ ಇಡೀ ಸಮಾಜವೇ ಶಿಥಿಲವಾಗುತ್ತದೆ.

ಪೇಟೆ ಬಿದ್ದೊಡನೆ ಆತ್ಮಹತ್ಯೆಗಳು ಮಿತಿಮೀರಿದವೆಂಬ ದಂತಕಥೆಯನ್ನು ಅವರು ಅಂಕಿಅಂಶಗಳಿಂದ ನಿರಾಕರಿಸಿರುವುದು ಮೆಚ್ಚತಕ್ಕದ್ದು. ಆದರೂ ಒಂದು ಕೊರತೆ ಕಾಡುತ್ತದೆ. ಗ್ರಂಥವು ಮುಖ್ಯವಾಗಿ ಷೇರುಪೇಟೆಯ ವೃತ್ತಾಂತವಾದುದರಿಂದ, ಅದರ ವಿನೋದದ ಶೈಲಿಯಲ್ಲಿ ಸಟ್ಟಾಗಾರನ ಮುಖ ಕಾಣುತ್ತದೆಯೇ ಹೊರತು ಹಸಿದವನ ಮುಖ ಕಾಣುವುದಿಲ್ಲ. 1933ರಲ್ಲಿ ಅಮೆರಿಕೆಯ ದುಡಿಯುವವರಲ್ಲಿ ನಾಲ್ವರಿಗೊಬ್ಬರು ನಿರುದ್ಯೋಗಿಗಳು. ಅದೇ ವರ್ಷ ಬೆಲೆ ಏರಿಸುವ ಉದ್ದೇಶದಿಂದ ಅಲ್ಲಿಯ ಸರ್ಕಾರವು 60 ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಲ್ಲಿಸಿತು. ಮನುಷ್ಯರ ಲೆಕ್ಕ ತಪ್ಪಿದ್ದಕ್ಕೆ ಮೂಕಪ್ರಾಣಿಗಳು ಪ್ರಾಣ ತೆತ್ತವು. ನಮ್ಮ ದೇಶದಲ್ಲಿಯೂ ಬೆಳೆಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಹಿಂದೆ ಮಾಡಿದ ಸಾಲದ ಮೊತ್ತ ಮಾತ್ರ ಇಳಿಯಲಿಲ್ಲ. 1931ರಿಂದ ರೈತರ ಮನೆಯ ಒಡವೆಗಳು ಮಾರಾಟವಾಗಿ, ಆ ಚಿನ್ನ ಹಡಗೇರಿ ಹೊರದೇಶಕ್ಕೆ ಹೋಯಿತು.

ಈ ಎರಡು ಮುಖಗಳನ್ನು ಒಟ್ಟಿಗೆ ಕಂಡವರು ನಮ್ಮ ಸಮಂತಭದ್ರಾಚಾರ್ಯರು. ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಪರಿಗ್ರಹಪರಿಮಾಣ ವ್ರತಕ್ಕೆ ಅವರು ಹೇಳುವ ಅತಿಚಾರಗಳು ಐದು: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಅನ್ಯರಿಗೆ ಬಂದ ಹೆಚ್ಚಿನ ಲಾಭವನ್ನು ಕಂಡು ಕಳವಳಗೊಳ್ಳುವುದೇ ವಿಸ್ಮಯವೆಂದು ಟೀಕಾಕಾರರು ಅರ್ಥ ಹೇಳುತ್ತಾರೆ. 1929ರ ಪೇಟೆಗೆ ಜನರನ್ನು ನೂಕಿದ್ದು ಇದೇ ಅಲ್ಲವೇ? ಅತಿವಾಹನ, ಅತಿಭಾರವಹನಗಳೆಂದರೆ ಪ್ರಾಣಿಗಳನ್ನು ಶಕ್ತಿ ಮೀರಿ ನಡೆಸುವುದು, ಮಿತಿ ಮೀರಿ ಹೊರಿಸುವುದು. ಲೋಭವನ್ನೂ ಅದು ಅನ್ಯಜೀವಿಯ ಬೆನ್ನಿನ ಮೇಲೆ ಹೇರುವ ಭಾರವನ್ನೂ ಆಚಾರ್ಯರು ಒಂದೇ ಪಟ್ಟಿಯಲ್ಲಿ ಇಟ್ಟಿದ್ದಾರೆ. ಲೋಭವನ್ನು ಕೇವಲ ಒಬ್ಬನ ಮನಸ್ಸಿನ ಮಾಲಿನ್ಯವೆಂದು ಬಗೆಯುವ ನಮ್ಮ ಪ್ರವಚನಗಳು ಆ ಪಟ್ಟಿಯ ಅರ್ಧವನ್ನು ಬಿಟ್ಟುಬಿಟ್ಟಿವೆ.

ಇದು ಗ್ರಂಥವಿಮರ್ಶೆಗಷ್ಟೇ ಸೇರಿದ ಮಾತಲ್ಲ. ನಮ್ಮ ಬಸದಿಗಳ ಆಡಳಿತ ಮಂಡಳಿಗಳು ನಿಧಿಯನ್ನು ಠೇವಣಿ ಇಡುವಾಗ ಬಡ್ಡಿಯ ದರವನ್ನು ವಿಚಾರಿಸುತ್ತವೆ, ಭದ್ರತೆಯನ್ನೂ ವಿಚಾರಿಸುತ್ತವೆ. ಆ ಬಡ್ಡಿ ಯಾವ ದುಡಿಮೆಯಿಂದ ಹುಟ್ಟುತ್ತದೆ, ಅದರ ಭಾರ ಯಾರ ಬೆನ್ನಿನ ಮೇಲಿದೆ ಎಂಬುದನ್ನೂ ವಿಚಾರಿಸುವುದು ಶ್ರಾವಕಧರ್ಮಕ್ಕೆ ಉಚಿತ. ಪರಿಮಾಣವೆಂದರೆ ಅಳತೆ, ವ್ಯಾಪಾರಿಗಳಾದ ನಮಗೆ ಅಳೆಯುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.