ಎರಡನೆಯ ಊರು

ಕನ್ನಡದ ಆತ್ಮಕಥೆಗಳಲ್ಲಿ ಮೊದಲ ಐವತ್ತು ಪುಟ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ಅಜ್ಜಿ ಇರುತ್ತಾಳೆ, ಹಿತ್ತಿಲು ಇರುತ್ತದೆ, ಈಜು ಕಲಿತ ಕೆರೆ ಇರುತ್ತದೆ, ಬೆತ್ತ ಹಿಡಿದ ಮೇಷ್ಟ್ರು ಇರುತ್ತಾರೆ. ಆಮೇಲೆ ಲೇಖಕ ಟ್ರಂಕು ಹೊತ್ತು ಊರು ಬಿಡುತ್ತಾನೆ, ಪುಸ್ತಕವೂ ಅಲ್ಲಿಂದ ಸೊರಗುತ್ತದೆ. ನೌಕರಿ, ಬಡ್ತಿ, ಜಗಳ, ಸನ್ಮಾನ. ಓದುವ ನಾವೂ ಅಜ್ಜಿಯ ಪುಟಗಳಿಗೆ ಗುರುತು ಹಾಕಿಕೊಂಡು, ಈ ಬರಹಗಾರನನ್ನು ರೂಪಿಸಿದ್ದು ಅವನ ಊರೇ ಎಂದು ವಿಮರ್ಶೆ ಬರೆದುಬಿಡುತ್ತೇವೆ. ನಾನೂ ಹಾಗೆ ಬರೆದವನೇ.

ಈಗ ಆ ಮಾತಿನ ಬಗ್ಗೆ ನನಗೆ ಅನುಮಾನ ಬಂದಿದೆ. ಹುಟ್ಟಿದೂರು ಯಾರಿಗಾದರೂ ಇದ್ದೇ ಇರುತ್ತದೆ. ಕುಪ್ಪಳಿಯಲ್ಲಿ ಹುಟ್ಟಿ ಬೆಳೆದವರೆಲ್ಲ ಕವಿಗಳಾಗಲಿಲ್ಲ. ಮನುಷ್ಯನನ್ನು ತಿದ್ದಿ, ತಿರುಚಿ, ಬೇರೆಯವನನ್ನಾಗಿ ಮಾಡುವುದು ಅವನು ಕಾಲಿಟ್ಟ ಎರಡನೆಯ ಊರು ಇರಬಹುದೇ? ಯಾರೂ ಅವನನ್ನು ಕರೆಯದ, ಯಾರ ಮಗನೆಂದು ಗೊತ್ತಿಲ್ಲದ, ರಾತ್ರಿ ಊಟ ಎಲ್ಲಿ ಎಂದು ಯೋಚಿಸಬೇಕಾದ ಊರು. ಈ ಪ್ರಶ್ನೆ ಇಟ್ಟುಕೊಂಡು ನಮ್ಮ ಮೂರು ಪ್ರಸಿದ್ಧ ಆತ್ಮಕಥೆಗಳನ್ನು ಮತ್ತೆ ಓದಿದೆ: ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ (1980), ಎಸ್.ಎಲ್. ಭೈರಪ್ಪನವರ ‘ಭಿತ್ತಿ’ (1996), ಸಿದ್ದಲಿಂಗಯ್ಯನವರ ‘ಊರು ಕೇರಿ’ಯ ಮೊದಲ ಭಾಗ (1996). ಮೂವರೂ ಹಳ್ಳಿಯವರು, ಮೂವರೂ ಓದಲು ಪಟ್ಟಣಕ್ಕೆ ಬಂದವರು. ಆದರೆ ಮೂವರಿಗೂ ಪಟ್ಟಣ ತೆರೆದ ಬಾಗಿಲು ಬೇರೆ ಬೇರೆ.

‘ನೆನಪಿನ ದೋಣಿಯಲ್ಲಿ’ ಸಾವಿರ ಪುಟ ಮೀರಿದ ಗ್ರಂಥ. ಅದರ ಖ್ಯಾತಿ ನಿಂತಿರುವುದು ಮಲೆನಾಡಿನ ಭಾಗದ ಮೇಲೆ: ಕುಪ್ಪಳಿಯ ದೊಡ್ಡ ತೊಟ್ಟಿಮನೆ, ಕಾಡು, ಕವಿಶೈಲದ ಬಂಡೆ, ಹನ್ನೆರಡರ ಆಸುಪಾಸಿನಲ್ಲೇ ಕಳೆದುಕೊಂಡ ತಂದೆ. ಆ ಪುಟಗಳ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವು ಕವಿ ಆಗಲೇ ತನ್ನ ಕಾದಂಬರಿಗಳಲ್ಲಿ ನಮಗೆ ಕೊಟ್ಟಿದ್ದನ್ನು ಮತ್ತೆ ಕೊಡುವ ಪುಟಗಳು. ಹೊಸದು ಸಿಗುವುದು ಮೈಸೂರಿನ ಭಾಗದಲ್ಲಿ. ಸಂತೇಪೇಟೆಯ ಹೋಟೆಲಿನ ಕೋಣೆಯಲ್ಲಿ ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಾನೆ, ಇಂಗ್ಲಿಷಿನಲ್ಲೇ ದಿನಚರಿಯನ್ನೂ ಬರೆಯುತ್ತಾನೆ. ಊರಿನ ಮಾತು ಬಾಯಲ್ಲಿದ್ದರೂ ಲೇಖನಿಗೆ ಇಳಿಯುತ್ತಿಲ್ಲ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಈ ಹುಡುಗ ತನ್ನ ಕವಿತೆಗಳನ್ನು ಒಯ್ದು ತೋರಿಸುತ್ತಾನೆ. ಮೆಚ್ಚುಗೆ ಸಿಗುತ್ತದೆಂದು ಹೋದವನಿಗೆ ಸಿಕ್ಕಿದ್ದು, ನಿನ್ನ ನುಡಿಯಲ್ಲಿ ಏನು ಬರೆದಿದ್ದೀಯ ಎಂಬ ಪ್ರಶ್ನೆ. ಈ ಪ್ರಸಂಗ ಶಾಲೆಯ ಮಕ್ಕಳಿಗೂ ಗೊತ್ತು. ಸವೆದು ಸವೆದು ಅದೊಂದು ನೀತಿಕಥೆ ಆಗಿಬಿಟ್ಟಿದೆ. ಮೂಲದಲ್ಲಿ ಓದಿದರೆ ಅದು ಅಷ್ಟು ಸುಲಭದ ಕಥೆಯಲ್ಲ. ಹುಡುಗ ಸಂತೋಷಪಟ್ಟು ಹೊರಬಂದವನಲ್ಲ, ಪೆಟ್ಟು ತಿಂದವನಂತೆ ಬಂದವನು. ಕನ್ನಡಕ್ಕೆ ಹೋಗು ಎಂದು ಕುಪ್ಪಳಿ ಹೇಳಲಿಲ್ಲ, ಮೈಸೂರಿನಲ್ಲಿ ಯಾರೋ ಪರದೇಶಿ ಹೇಳಿದ.

ಆಮೇಲೆ ಕಾಯಿಲೆ, ಸ್ವಾಮಿ ಸಿದ್ಧೇಶ್ವರಾನಂದರ ಆರೈಕೆ, ರಾಮಕೃಷ್ಣಾಶ್ರಮದ ವಾಸ. 1937ರಲ್ಲಿ ಮದುವೆಯಾಗುವುದಕ್ಕೆ ಮುಂಚಿನ ಈ ವರ್ಷಗಳೇ ನನ್ನ ಕಣ್ಣಿಗೆ ಆ ಪುಸ್ತಕದ ನಡುಮನೆ. ‘ಮಲೆನಾಡಿನ ಚಿತ್ರಗಳು’ ಬಂದದ್ದು 1933ರಲ್ಲಿ, ‘ಕಾನೂರು ಹೆಗ್ಗಡಿತಿ’ 1936ರಲ್ಲಿ. ಅಂದರೆ ಹಂದಿಬೇಟೆ, ಕಳ್ಳಂಗಡಿ, ಗದ್ದೆಯ ಕೆಸರು, ಗೌಡರ ಮನೆಯ ಒಳಜಗಳ, ಇವೆಲ್ಲ ಕನ್ನಡಕ್ಕೆ ಬಂದದ್ದು ಧ್ಯಾನ, ಭಜನೆ, ಬ್ರಹ್ಮಚರ್ಯದ ಮಾತು ತುಂಬಿದ ಒಂದು ಬದುಕಿನ ನಡುವಿನಿಂದ. ಕಾಡನ್ನು ಬಿಟ್ಟು ಬಂದವನಿಗೆ ಕಾಡು ಕಂಡಿತು ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ವಿಷಯ ಅಷ್ಟೇ ಅಲ್ಲ. ಆಶ್ರಮ ಅವರಿಗೆ ಎತ್ತರದ ಒಂದು ಜಾಗ ಕೊಟ್ಟಿತು. ಅಲ್ಲಿ ನಿಂತು ನೋಡಿದಾಗ ಹುಟ್ಟಿದ ಮನೆಯ ಸೊಕ್ಕು, ಮೂಢನಂಬಿಕೆ, ಆಳುಗಳ ಮೇಲಿನ ದಬ್ಬಾಳಿಕೆ ಎಲ್ಲವೂ ಬಿಡಿಬಿಡಿಯಾಗಿ ಕಂಡವು. ‘ಹೆಗ್ಗಡಿತಿ’ಯ ಹೂವಯ್ಯನಲ್ಲಿ ಈ ಎರಡು ಊರುಗಳ ಜಗ್ಗಾಟವಿದೆ. ಓದಿ ಬಂದವನ ತಳಮಳವಿಲ್ಲದೆ ಆ ಕಾದಂಬರಿ ಕೇವಲ ಮಲೆನಾಡಿನ ಪಟವಾಗಿ ಗೋಡೆಯ ಮೇಲೆ ಉಳಿದುಬಿಡುತ್ತಿತ್ತು.

ಇಷ್ಟಾದರೂ ಆತ್ಮಕಥೆಯ ಮೈಸೂರು ಭಾಗ ಓದುವುದಕ್ಕೆ ಸಲೀಸಲ್ಲ. ದಿನಚರಿಯ ಪುಟಗಳು ಸಾಲುಗಟ್ಟಿ ಬರುತ್ತವೆ: ಓದಿದ ಪುಸ್ತಕಗಳು, ಎದ್ದ ಹೊತ್ತು, ಸಂಕಲ್ಪಗಳು, ಸಂಕಲ್ಪ ಮುರಿದ ಪಶ್ಚಾತ್ತಾಪ. ಎಪ್ಪತ್ತೈದರ ಕವಿ ಇಪ್ಪತ್ತರ ಹುಡುಗನನ್ನು ತಿದ್ದದೆ ಹಾಗೇ ಬಿಟ್ಟಿದ್ದಾರೆ. ನನಗೆ ಮೊದಲು ಇದು ಆಲಸ್ಯ ಎನ್ನಿಸಿತ್ತು, ಈಗ ಪ್ರಾಮಾಣಿಕತೆ ಎನ್ನಿಸುತ್ತದೆ, ಪೂರ್ತಿ ಅಲ್ಲದಿದ್ದರೂ. ತನ್ನನ್ನು ಸಂತನಾಗಿಸಿಕೊಳ್ಳುವ ಆಸೆ ಆ ಸಂಪಾದನೆಯಲ್ಲೂ ಇಣುಕುತ್ತದೆ. ಕುವೆಂಪು ತಮ್ಮನ್ನು ನೋಡಿ ನಗುವುದು ಕಡಿಮೆ. ಆ ಕೆಲಸವನ್ನು ಮಗ ತೇಜಸ್ವಿ ‘ಅಣ್ಣನ ನೆನಪು’ ಪುಸ್ತಕದಲ್ಲಿ ಮಾಡಿಕೊಟ್ಟರು. ಅಷ್ಟೇ ಅಲ್ಲ, ಅಪ್ಪ ಬಂದ ದಾರಿಯನ್ನು ಹಿಂದುಮುಂದು ಮಾಡಿ ಮೈಸೂರಿನಿಂದ ಮೂಡಿಗೆರೆಯ ಕಾಡಿಗೆ ಹೋಗಿ ಕೂತರು. ಅವರ ಎರಡನೆಯ ಊರು ಕಾಡು.

ಇನ್ನು ಅನ್ನದ ವಿಷಯ. ಕುವೆಂಪು ಜಮೀನಿದ್ದ ಗೌಡರ ಮನೆಯವರು, ಮೈಸೂರಿನಲ್ಲಿ ಅವರ ಹಸಿವು ಹೆಚ್ಚಾಗಿ ಪುಸ್ತಕದ ಹಸಿವು. ‘ಭಿತ್ತಿ’ಯಲ್ಲಿ ಹಸಿವು ಎಂದರೆ ಹೊಟ್ಟೆಯ ಹಸಿವು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಹುಡುಗನಿಗೆ ಹುಟ್ಟಿದೂರು ಕೊಟ್ಟದ್ದು ಪ್ಲೇಗು ಮತ್ತು ಹೊಣೆಗೇಡಿ ತಂದೆ. ಒಡಹುಟ್ಟಿದವರು ಹೋದರು, ತಾಯಿ ಗೌರಮ್ಮ ಹೋದರು, ಉಳಿದ ತಮ್ಮನೂ ಸತ್ತಾಗ ಹೆಣವನ್ನು ಹೆಗಲ ಮೇಲೆ ಹಾಕಿಕೊಂಡು ಸುಡುಗಾಡಿಗೆ ಹೋದವನು ಈ ಹುಡುಗನೇ. ಆ ಪುಟವನ್ನು ಭೈರಪ್ಪ ಬರೆದ ರೀತಿಯಲ್ಲಿ ಒಂದು ವಿಶೇಷಣವೂ ಹೆಚ್ಚಿಲ್ಲ. ಅಳು ಬರಿಸಬೇಕೆಂಬ ಹಟವೇ ಇಲ್ಲದ್ದರಿಂದ ಅದು ಓದುಗನ ಮೈಮೇಲೆ ಕೂರುತ್ತದೆ. ನನ್ನ ಲೆಕ್ಕದಲ್ಲಿ ಕನ್ನಡದ ಆತ್ಮಕಥಾ ಗದ್ಯದ ಅತ್ಯುತ್ತಮ ಪುಟಗಳಲ್ಲಿ ಅದೊಂದು.

ಅಲ್ಲಿಂದ ಮುಂದೆ ಬರುವುದು ವಾರಾನ್ನದ ಕಥೆ. ಈಗಿನ ಓದುಗರಿಗೆ ಈ ಪದವನ್ನೇ ಬಿಡಿಸಿ ಹೇಳಬೇಕೇನೋ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು ಉಣ್ಣುವುದು. ಏಳರಲ್ಲಿ ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಮನೆಯವರು ಊರಿಗೆ ಹೋದರೆ, ಮನೆಯಲ್ಲಿ ಮೈಲಿಗೆಯಾದರೆ, ಯಜಮಾನನ ಮುಖ ಗಂಟಾಗಿದ್ದರೆ, ಎಲ್ಲಕ್ಕೂ ಬೆಲೆ ತೆರುವುದು ಹುಡುಗನ ಹೊಟ್ಟೆ. ಹಳೆಯ ಮೈಸೂರಿನಲ್ಲಿ ಎಷ್ಟು ಮೇಷ್ಟ್ರು, ಗುಮಾಸ್ತ, ವಿದ್ವಾಂಸರನ್ನು ಈ ಪದ್ಧತಿ ಓದಿಸಿತೋ. ಅದನ್ನು ಧರ್ಮವೆಂದು ಹೊಗಳಿದ ಬರಹಗಳು ಬೇಕಾದಷ್ಟಿವೆ. ಪ್ರತಿ ತುತ್ತಿಗೂ ಕಣ್ಣು ಕೆಳಗೆ ಮಾಡಿ ಕೂತವನ ಮನಸ್ಸಿನಲ್ಲಿ ಏನು ಬೆಳೆಯಿತು ಎಂದು ಬರೆದವರು ಕಡಿಮೆ. ‘ಭಿತ್ತಿ’ ಬರೆಯುತ್ತದೆ. ಅಗರಬತ್ತಿ ಮಾರಿದ್ದು, ಟೂರಿಂಗ್ ಟಾಕೀಸಿನ ಬಾಗಿಲು ಕಾದದ್ದು, ಮುಂಬೈಗೆ ಹೋಗಿ ರೈಲ್ವೆ ನಿಲ್ದಾಣದಲ್ಲಿ ಮೂಟೆ ಹೊತ್ತದ್ದು ಎಲ್ಲವೂ ಅಲ್ಲಿವೆ. ಯಾರ ಹಂಗಿನಲ್ಲೂ ಇರಲಾರೆ ಎಂಬ ಭೈರಪ್ಪನವರ ಬಿಗಿತ, ಅವರ ವಾದಗಳಲ್ಲಿ ಕೆಲವರಿಗೆ ಅಹಂಕಾರವಾಗಿ ಕಂಡದ್ದು, ಈ ಬೀದಿಗಳಲ್ಲಿ ಗಟ್ಟಿಯಾದದ್ದೆಂದು ನನಗೆ ತೋರುತ್ತದೆ. ಅಷ್ಟೊಂದು ಸಾವು ಕಂಡವನು ಮೈಸೂರಿನಲ್ಲಿ ತತ್ತ್ವಶಾಸ್ತ್ರವನ್ನೇ ಆರಿಸಿಕೊಂಡದ್ದು ಕೂಡ ಅದಕ್ಕೆ ಕೂಡಿಬರುತ್ತದೆ.

ಪುಸ್ತಕದ ಉತ್ತರಾರ್ಧದಲ್ಲಿ ಈ ಕಸುವು ಉಳಿಯುವುದಿಲ್ಲ. ಹುಬ್ಬಳ್ಳಿ, ಗುಜರಾತ್, ದೆಹಲಿ ಬರುತ್ತವೆ, ಹೋಗುತ್ತವೆ. ಅವು ಊರುಗಳಾಗಿ ಅಲ್ಲ, ವಿಳಾಸಗಳಾಗಿ. ಯಾರು ಏನಂದರು, ನಾನು ಏನಂದೆ, ಯಾವ ಕಾದಂಬರಿಗೆ ಯಾವುದು ಹಿನ್ನೆಲೆ ಎಂಬ ಲೆಕ್ಕಾಚಾರ ಮೇಲುಗೈ ಪಡೆಯುತ್ತದೆ. ಹೊಟ್ಟೆ ತುಂಬಿದ ಮೇಲೆ ಊರು ಕಾಣುವುದಿಲ್ಲವೇನೋ. ಇದು ಭೈರಪ್ಪನವರೊಬ್ಬರ ಮೇಲಿನ ದೂರಲ್ಲ, ನಮ್ಮ ಬಹುಪಾಲು ಆತ್ಮಕಥೆಗಳು ಸೋಲುವುದು ಇಲ್ಲೇ.

ವಾರಾನ್ನದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಜನಿವಾರವೋ ಲಿಂಗವೋ ನೋಡಿ ಎಲೆ ಹಾಕುತ್ತಿದ್ದ ಕಾಲ ಅದು. ತುಮಕೂರಿನ ಸಿದ್ಧಗಂಗೆ, ಧಾರವಾಡದ ಮುರುಘಾಮಠದಂಥ ಮಠಗಳು ಸಾಲುಪಂಕ್ತಿ ಹಾಕಿ ಸಾವಿರಾರು ಹುಡುಗರನ್ನು ಓದಿಸಿದವು. ಆದರೆ ದಲಿತ ಕೇರಿಯ ಹುಡುಗನಿಗೆ ಏಳು ಮನೆಯಿರಲಿ, ಒಂದು ಮನೆಯ ಜಗುಲಿಯೂ ಇರಲಿಲ್ಲ. ಅವನಿಗೆ ಉಳಿದದ್ದು ಸರ್ಕಾರಿ ಹಾಸ್ಟೆಲು.

‘ಊರು ಕೇರಿ’ ಎಂಬ ಹೆಸರಿನಲ್ಲೇ ವಿಮರ್ಶೆ ಇದೆ. ಉಳಿದವರೆಲ್ಲ ಊರು ಎಂದು ಒಂದೇ ಪದದಲ್ಲಿ ಕರೆದದ್ದು ಎರಡಾಗಿತ್ತು ಎಂದು ರಟ್ಟಿನ ಮೇಲೇ ಹೇಳಿಬಿಡುತ್ತದೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ದಲಿಂಗಯ್ಯನವರ ಬಾಲ್ಯದ ಒಂದು ದೃಶ್ಯ ಓದಿದವರಿಗೆ ಮರೆಯುವುದಿಲ್ಲ. ಹೊಲದಲ್ಲಿ ನೊಗಕ್ಕೆ ಎತ್ತಿನ ಬದಲು ಇಬ್ಬರು ಮನುಷ್ಯರು ಹೆಗಲು ಕೊಟ್ಟಿದ್ದಾರೆ, ಹಿಂದೆ ಒಬ್ಬ ಉಳುತ್ತಿದ್ದಾನೆ. ನೋಡುತ್ತ ನಿಂತ ಹುಡುಗನಿಗೆ ಮೊದಲು ಅದೊಂದು ಸೋಜಿಗ, ಆಮೇಲೆ ಸಂಕಟ. ನೊಗ ಹೊತ್ತವರಲ್ಲಿ ಒಬ್ಬರು ಅವನ ಅಪ್ಪ. ಈ ದೃಶ್ಯಕ್ಕೆ ಸಿದ್ದಲಿಂಗಯ್ಯ ಕೊಟ್ಟಿರುವ ಜಾಗ ತೀರ ಚಿಕ್ಕದು. ಬೇರೆ ಯಾರಾದರೂ ಆಗಿದ್ದರೆ ಇಡೀ ಪುಸ್ತಕವನ್ನು ಅದರ ಮೇಲೆ ಕಟ್ಟುತ್ತಿದ್ದರು.

ಇವರು ಕಟ್ಟುವುದು ಬೆಂಗಳೂರಿನ ಮೇಲೆ: ಶ್ರೀರಾಮಪುರದ ಇಕ್ಕಟ್ಟಿನ ಬೀದಿಗಳು, ಗೋಪಾಲಪುರದ ಹಾಸ್ಟೆಲು, ಓದಲು ನೆಮ್ಮದಿಯ ಜಾಗ ಸಿಗದೆ ಸ್ಮಶಾನದ ಗೋರಿಗಳ ನಡುವೆ ಪುಸ್ತಕ ಹಿಡಿದು ಕೂತದ್ದು. ಇಲ್ಲಿಗೆ ಬಂದೊಡನೆ ಗದ್ಯಕ್ಕೆ ನಗು ಹತ್ತಿಕೊಳ್ಳುತ್ತದೆ. ಹಾಸ್ಟೆಲಿನ ಹಸಿವು, ಕಿತಾಪತಿ, ಭಾಷಣದ ಹುಚ್ಚು, ವಿಚಾರವಾದದ ಆವೇಶ, ಗೆಳೆಯ ಡಿ.ಆರ್. ನಾಗರಾಜ್ ಜೊತೆಗಿನ ಚರ್ಚಾಸ್ಪರ್ಧೆಗಳು, ಎಲ್ಲವೂ ನಗುತ್ತಲೇ ಬರುತ್ತವೆ. ಆ ನಾಗರಾಜರೇ ಈ ಪುಸ್ತಕಕ್ಕೆ ಹಿನ್ನುಡಿ ಬರೆದು, ಬಡವರ ನಗುವಿಗೆ ಇರುವ ಶಕ್ತಿಯನ್ನು ಗುರುತಿಸಿದರು. ಆ ಮಾತು ಎಷ್ಟು ಪ್ರಸಿದ್ಧವಾಯಿತೆಂದರೆ ಪುಸ್ತಕವನ್ನು ಬೇರೆ ರೀತಿ ಓದುವುದೇ ನಮಗೆ ಕಷ್ಟವಾಗಿದೆ. ನಾನು ಒಂದು ತಕರಾರು ತೆಗೆಯುತ್ತೇನೆ. ನಗು ಈ ಪುಸ್ತಕದಲ್ಲಿ ಎಲ್ಲೆಲ್ಲೂ ಒಂದೇ ಕೆಲಸ ಮಾಡುವುದಿಲ್ಲ. ಹಾಸ್ಟೆಲಿನ ಪುಟಗಳಲ್ಲಿ ಅದು ಒಟ್ಟಿಗೆ ಹಸಿದವರ ನಗು, ಅದರಲ್ಲಿ ನಂಟಿದೆ. ದೊಡ್ಡವರು, ಅಧಿಕಾರದಲ್ಲಿದ್ದವರು ಎದುರಾಗುವ ಕೆಲವು ಪ್ರಸಂಗಗಳಲ್ಲಿ ಅದೇ ನಗು ಪಾರಾಗುವ ದಾರಿಯಾಗುತ್ತದೆ, ಚುಚ್ಚಬೇಕಾದಲ್ಲಿ ಕಚಗುಳಿ ಇಟ್ಟು ಮುಂದೆ ಹೋಗುತ್ತದೆ. ಮುಂದಿನ ಭಾಗಗಳಲ್ಲಿ ಈ ದೋಷ ಹೆಚ್ಚಿತು. ಪ್ರಸಂಗಗಳು ರಾಶಿ ಬಿದ್ದವು, ನಿಲ್ಲಲು ಊರೂ ಇರಲಿಲ್ಲ, ಕೇರಿಯೂ ಇರಲಿಲ್ಲ.

ಮೊದಲ ಭಾಗದ ಹಿರಿಮೆ ಇದರಿಂದ ಕುಂದುವುದಿಲ್ಲ. ಹಾಸ್ಟೆಲು ಎಂದರೆ ಏನು ಎಂಬುದನ್ನು ಕನ್ನಡಕ್ಕೆ ಅದು ತೋರಿಸಿಕೊಟ್ಟಿತು. ಹಳ್ಳಿಯಲ್ಲಿ ಒಂದು ಕೇರಿಯ ಹುಡುಗನಿಗೆ ಹತ್ತು ಮೈಲಿ ಆಚೆಯ ಇನ್ನೊಂದು ಕೇರಿಯ ಹುಡುಗ ಗೊತ್ತಿರಲಿಲ್ಲ. ತನ್ನ ಅಪ್ಪನ ಹೆಗಲ ಮೇಲಿನ ನೊಗ ತನ್ನ ಮನೆಯ ಹಣೆಬರಹ ಎಂದುಕೊಂಡಿದ್ದವನು ಹಾಸ್ಟೆಲಿನಲ್ಲಿ ನೂರು ಹುಡುಗರ ಪಕ್ಕ ತಟ್ಟೆ ಹಿಡಿದು ನಿಂತಾಗ, ಇದು ಹಣೆಬರಹವಲ್ಲ, ಏರ್ಪಾಡು ಎಂದು ತಿಳಿಯಿತು. 1973ರಲ್ಲಿ ಸಚಿವ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದ ಮಾತಿಗೆ ಗಲಾಟೆಯೆದ್ದು ದಲಿತ ವಿದ್ಯಾರ್ಥಿಗಳು ಏಟು ತಿಂದಾಗ ಒಟ್ಟಾಗಿ ನಿಲ್ಲಲು ಅವರಿಗೆ ಇದ್ದದ್ದು ಇಂಥ ಹಾಸ್ಟೆಲುಗಳೇ. 1975ರಲ್ಲಿ ಬಂದ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಸಂಕಲನವನ್ನು ಮಂಚನಬೆಲೆಯೊಂದೇ ಬರೆಸಲಾರದಿತ್ತು, ಕುಪ್ಪಳಿಯೊಂದೇ ‘ಹೆಗ್ಗಡಿತಿ’ಯನ್ನು ಬರೆಸಲಾರದಿದ್ದಂತೆ.

ಇಲ್ಲಿಯವರೆಗೆ ಗಂಡಸರ ಮಾತೇ ಆಯಿತು. ಎರಡನೆಯ ಊರು ಎಂದೊಡನೆ ಹೆಂಗಸರಿಗೆ ನೆನಪಾಗುವುದು ಹಾಸ್ಟೆಲಲ್ಲ, ಗಂಡನ ಮನೆ. ಲಂಕೇಶರ ‘ಹುಳಿ ಮಾವಿನ ಮರ’ ಓದಿದವರು ಅವರ ಪತ್ನಿ ಇಂದಿರಾ ಲಂಕೇಶರ ‘ಹುಳಿ ಮಾವು ಮತ್ತು ನಾನು’ ಓದಬೇಕು. ಅದೇ ಮನೆ, ಅದೇ ವರ್ಷಗಳು, ಆದರೆ ಅಡುಗೆಮನೆಯ ಕಡೆಯ ಬಾಗಿಲಿನಿಂದ ಕಂಡದ್ದು. ಹಾಗೆಯೇ ವಾರಾನ್ನದ ಕಥೆಯನ್ನೂ ಬಡಿಸಿದವರ ಕಡೆಯಿಂದ ಕೇಳಬೇಕಿತ್ತು. ಮಂಗಳವಾರದ ಹುಡುಗನಿಗೆಂದು ಒಂದು ಹಿಡಿ ಅಕ್ಕಿ ಹೆಚ್ಚು ಹಾಕಿದವಳಿಗೆ ಅವನು ಏನಾಗಿ ಕಂಡ? ದಾನದ ಹೆಸರು ಯಜಮಾನನದು, ಹೊಗೆ ಇವಳ ಕಣ್ಣಿನದು. ನಮ್ಮ ಆತ್ಮಕಥೆಗಳ ಕಪಾಟಿನಲ್ಲಿ ಅಂಥ ಪುಸ್ತಕವನ್ನು ನಾನು ಹುಡುಕಿದ್ದೇನೆ, ಇನ್ನೂ ಕೈಗೆ ಸಿಕ್ಕಿಲ್ಲ.

ಬರಹಗಾರರು ಬೆಳೆದ ಮನೆಗಳನ್ನು ನಾವು ಚೆನ್ನಾಗಿ ಕಾಪಾಡುತ್ತೇವೆ. ಕುಪ್ಪಳಿಯ ಕವಿಮನೆ ಈಗ ಸ್ಮಾರಕ. ರಜೆಯ ದಿನ ಬಸ್ಸುಗಟ್ಟಲೆ ಮಕ್ಕಳು ಬಂದು ತೊಟ್ಟಿಲು, ಒನಕೆ, ಬೀಸುವ ಕಲ್ಲು ನೋಡಿ ಹೋಗುತ್ತಾರೆ. ಈ ಲೇಖನ ಬರೆಯುವ ಮೊದಲು ಮೈಸೂರಿಗೆ ಹೋಗಿದ್ದೆ. ಸಂತೇಪೇಟೆಯಲ್ಲಿ ಮೂಟೆಗಳ ನಡುವೆ ದಾರಿ ಮಾಡಿಕೊಂಡು, ಆ ಹಳೆಯ ಹೋಟೆಲು ಎಲ್ಲಿದ್ದಿರಬಹುದೆಂದು ಒಬ್ಬ ವಯಸ್ಸಾದ ಅಂಗಡಿಯವರನ್ನು ವಿಚಾರಿಸಿದೆ, ಕುವೆಂಪು ಹೆಸರನ್ನೂ ಹೇಳಿದೆ. ಅವರು ತಕ್ಕಡಿಯಿಂದ ಕಣ್ಣು ತೆಗೆಯದೆ ಹೇಳಿದರು: “ಕುವೆಂಪು ಅವರದಾ ಸಾರ್? ಅವರ ಮನೆ ಒಂಟಿಕೊಪ್ಪಲಲ್ಲಿ. ತಪ್ಪು ಬಂದಿದ್ದೀರಿ, ಆಟೋ ಹತ್ತಿ.”