ಹೋಲಿಕೆಗೆ ಗಂಡಸಿಲ್ಲದ ಕಡೆ

ಸಮಾನ ವೇತನದ ಮಾತು ಬಂದಾಗಲೆಲ್ಲ ನಮ್ಮ ವಕೀಲರು ಮೊದಲು ಎತ್ತಿಕೊಳ್ಳುವುದು ಮುಂಬಯಿಯ ಒಂದು ಪ್ರಕರಣವನ್ನು. ಮೆಕಿನ್ನನ್ ಮೆಕೆಂಝಿ ಎಂಬ ಹಡಗು ಕಂಪನಿಯಲ್ಲಿ ಸ್ಟೆನೋಗ್ರಾಫರ್ ಆಗಿದ್ದ ಆಡ್ರೆ ಡಿಕೋಸ್ಟಾ ಅವರನ್ನು 1977ರ ಜೂನ್‌ನಲ್ಲಿ ಕೆಲಸದಿಂದ ತೆಗೆದರು. ಗಂಡಸು ಸ್ಟೆನೋಗ್ರಾಫರ್‌ಗಳಿಗಿಂತ ತನಗೆ ಕಡಿಮೆ ಸಂಬಳ ಕೊಡುತ್ತಿದ್ದರು ಎಂದು ಅವರು ದೂರು ಕೊಟ್ಟರು. ಕಾರ್ಮಿಕ ಇಲಾಖೆಯ ಮೇಲ್ಮನವಿಯಲ್ಲಿ ಅವರಿಗೆ ಸಿಕ್ಕ ಬಾಕಿ 7,196 ರೂಪಾಯಿ ಚಿಲ್ಲರೆ. ಅಷ್ಟನ್ನು ಕೊಡಲು ಒಪ್ಪದ ಕಂಪನಿ ಬೊಂಬಾಯಿ ಹೈಕೋರ್ಟಿನಲ್ಲಿ ಎರಡು ಸಲ ಸೋತು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1987ರ ಮಾರ್ಚ್ 26ರಂದು ಅಲ್ಲಿ ತೀರ್ಪು ಬರೆದವರು ಮಂಡ್ಯ ಜಿಲ್ಲೆಯ ಎಂಗಲಗುಪ್ಪೆಯವರಾದ, ಮುಂದೆ ಭಾರತದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ. ಯೂನಿಯನ್ ಜೊತೆ ಒಪ್ಪಂದವಾಗಿದೆ ಎಂಬ ವಾದವನ್ನಾಗಲಿ, ಮೇಲಧಿಕಾರಿಗಳ ಗೋಪ್ಯ ಕಾಗದಪತ್ರ ನೋಡುವ 'ಲೇಡಿ ಸ್ಟೆನೋಗ್ರಾಫರ್' ಬೇರೆಯೇ ವರ್ಗ ಎಂಬ ವಾದವನ್ನಾಗಲಿ, ಕೊಡಲು ಕಂಪನಿಗೆ ಶಕ್ತಿಯಿಲ್ಲ ಎಂಬ ಅಳಲನ್ನಾಗಲಿ ಅವರು ಒಪ್ಪಲಿಲ್ಲ. ಹೆಂಗಸರನ್ನಷ್ಟೇ ತುಂಬಿದ ಒಂದು ವರ್ಗವನ್ನು ಕಟ್ಟಿ, ಅದಕ್ಕೆ ಕಡಿಮೆ ಸಂಬಳ ನಿಗದಿಮಾಡಿ, ಕಾನೂನಿನಿಂದ ಜಾರಿಕೊಳ್ಳಲಾಗದು ಎಂಬುದು ಆ ತೀರ್ಪಿನ ತಿರುಳು. ಆರು ವರ್ಷ ಹಿಂದೆ, 1981ರಲ್ಲಿ, ಏರ್ ಹೋಸ್ಟೆಸ್‌ಗಳದ್ದು ಬೇರೆಯೇ ಶ್ರೇಣಿ ಎಂಬ ಏರ್ ಇಂಡಿಯಾದ ವಾದವನ್ನು ಅದೇ ನ್ಯಾಯಾಲಯ ಒಪ್ಪಿಕೊಂಡಿತ್ತು ಎಂಬುದನ್ನು ನೆನೆದರೆ ಈ ತೀರ್ಪಿನ ದಿಟ್ಟತನ ತಿಳಿಯುತ್ತದೆ.

ಹಾಗಿದ್ದೂ ಈ ಗೆಲುವಿಗೆ ಒಂದು ಷರತ್ತಿತ್ತು. ಅದೇ ಕಚೇರಿಯಲ್ಲಿ ಅದೇ ಶೀಘ್ರಲಿಪಿ ಬರೆಯುತ್ತಿದ್ದ ಗಂಡಸರಿದ್ದರು, ಅವರ ಸಂಬಳದ ಪಟ್ಟಿ ಇತ್ತು, ಆದ್ದರಿಂದ ಡಿಕೋಸ್ಟಾ ಗೆದ್ದರು. 1976ರ ಸಮಾನ ವೇತನ ಕಾಯ್ದೆ ಕೇಳುತ್ತಿದ್ದುದೇ ಅದನ್ನು: ಒಬ್ಬನೇ ಮಾಲೀಕ, ಅದೇ ಕೆಲಸ ಅಥವಾ ಅದೇ ಬಗೆಯ ಕೆಲಸ. ಪಕ್ಕದ ಮೇಜಿನಲ್ಲಿ ಗಂಡಸೇ ಇಲ್ಲದಿದ್ದರೆ ಕಾಯ್ದೆಗೆ ಅಂತರ ಕಾಣಿಸುತ್ತಿರಲಿಲ್ಲ. ತೀರ್ಪಿನೊಳಗೇ ಇನ್ನೊಂದು ದಾರಿಯ ಸುಳಿವಿತ್ತು. ಕೆಲಸ ಏನನ್ನು ಬೇಡುತ್ತದೆ ಎಂಬುದನ್ನು ಪಕ್ಷಪಾತವಿಲ್ಲದ ಅಳತೆಗಳಿಂದ ತೂಗಿ ನೋಡಬೇಕು ಎಂದು ವೆಂಕಟರಾಮಯ್ಯ ಬರೆದಿದ್ದರು. ಆದರೆ ಹೆಂಗಸರು ಮಾಡಲಾಗದ, ಭಾರ ಎತ್ತುವ, ಹೊರುವ, ಇಳಿಸುವ ಕೆಲಸವನ್ನು ಗಂಡಸರು ಮಾಡುತ್ತಿದ್ದರೆ ಅಲ್ಲಿ ತಾರತಮ್ಯದ ಪ್ರಶ್ನೆಯಿಲ್ಲ ಎಂಬ ಮಾತನ್ನೂ ಅವರು ಸೇರಿಸಿದರು. ಇಷ್ಟು ಎಚ್ಚರದ ತೀರ್ಪಿನಲ್ಲಿ ಈ ಮಾತು ಹೇಗೆ ನುಸುಳಿತೋ.

ಮುಂಬಯಿಯ ಭಾಂಡುಪ್‌ನಲ್ಲಿ ನಿಂತು ಆ ಮಾತನ್ನು ಓದಿದರೆ ಅದರ ಪೊಳ್ಳುತನ ಗೊತ್ತಾಗುತ್ತದೆ. ಎಲ್.ಬಿ.ಎಸ್. ರಸ್ತೆಯುದ್ದಕ್ಕೂ ಕಾರ್ಖಾನೆಗಳಿದ್ದ ನೆಲದಲ್ಲಿ ಈಗ ಟವರ್‌ಗಳು ಏಳುತ್ತಿವೆ. ಅಂಥ ಕಟ್ಟಡಗಳಿಗೆ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಗುಳೆ ಹೋದವರೂ ದುಡಿದಿದ್ದಾರೆ. ಊರಿನ ಹೊಲದ ರೂಢಿಯೇ ಇಲ್ಲಿಯೂ ನಡೆಯುತ್ತದೆ: ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಕಲಸಿದ ಸಿಮೆಂಟನ್ನು ಬಾಂಡಲಿಗೆ ತುಂಬಿ, ತಲೆಯ ಮೇಲೆ ಸಿಂಬಿ ಇಟ್ಟು, ಕಟಕಟೆಯಿಲ್ಲದ ಮೆಟ್ಟಿಲು ಹತ್ತುವವಳು ಹೆಂಗಸು. ಗಾರೆಯವನ ಕೈಗೆ ಇಟ್ಟಿಗೆ ಎತ್ತಿಕೊಡುವವಳೂ ಅವಳೇ. ಭಾರ ಹೊರುವುದೇ ಅವಳ ಕೆಲಸ, ಆದರೂ ಆ ಭಾರವನ್ನು 'ಹಗುರ ಕೆಲಸ' ಎಂದು ಬರೆದುಕೊಳ್ಳುತ್ತಾರೆ. ಹೆಂಗಸರ ಕೂಲಿ ಕಡಿಮೆ ಯಾಕೆ ಎಂದು ಯಾರಾದರೂ ಕೇಳಿದರೆ ಗುತ್ತಿಗೆದಾರನ ಬಾಯಲ್ಲಿ ಬರುವ ಉತ್ತರವೂ ನ್ಯಾಯಾಲಯದ ಆ ಸೇರಿಸಿದ ಮಾತೂ ಒಂದೇ.

ಇದಕ್ಕಿಂತ ಗಟ್ಟಿ ಸಾಕ್ಷಿ ಅಂಗನವಾಡಿ. ಸಮಾನ ವೇತನದ ಸುಗ್ರೀವಾಜ್ಞೆ ಹೊರಟದ್ದು ಅಂತಾರಾಷ್ಟ್ರೀಯ ಮಹಿಳಾ ವರ್ಷವಾದ 1975ರ ಸೆಪ್ಟೆಂಬರ್ 26ರಂದು. ಅದಾದ ಆರೇ ದಿನಕ್ಕೆ, ಅಕ್ಟೋಬರ್ 2ರಂದು, ಅದೇ ಸರ್ಕಾರ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಹೆಂಗಸರನ್ನು ಮಾತ್ರ ತೆಗೆದುಕೊಂಡು, ಸಂಬಳದ ಬದಲು ಗೌರವಧನ ಕೊಡುವ ಯೋಜನೆ ಅದು. ಖಾಸಗಿ ಮಾಲೀಕನಿಗೆ ಬೇಡವೆಂದದ್ದನ್ನು ಸರ್ಕಾರ ಅದೇ ವಾರ ತಾನೇ ಮಾಡಿತು. ಭಾಂಡುಪ್‌ನ ಗುಡ್ಡದ ಚಾಳುಗಳ ನಡುವಿನ ಒಂದು ಪುಟ್ಟ ಕೋಣೆಯಲ್ಲಿ ಅಂಗನವಾಡಿ ಸೇವಿಕೆ ಮಕ್ಕಳನ್ನು ತೂಕದ ಯಂತ್ರಕ್ಕೆ ಹಾಕಬೇಕು, ಎತ್ತರ ಅಳೆದು ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ತುಂಬಬೇಕು, ಆಹಾರದ ಲೆಕ್ಕ ಇಡಬೇಕು, ಅಕ್ಷರ ಕಲಿಸಬೇಕು, ಬಸುರಿಯರ ಮನೆಗೆ ಹೋಗಿಬರಬೇಕು. ಇದರಲ್ಲಿ ದಾದಿಯ, ಗುಮಾಸ್ತೆಯ, ಶಿಕ್ಷಕಿಯ ಕೆಲಸದ ಒಂದೊಂದು ಪಾಲಿದೆ. 2018ರಲ್ಲಿ ಕೇಂದ್ರ ನಿಗದಿಮಾಡಿದ ಗೌರವಧನ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಅದರ ಮೇಲೆ ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ. ಕರ್ನಾಟಕದ ಅಮೀರ್‌ಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಇವರದ್ದು ಸರ್ಕಾರಿ ಹುದ್ದೆಯಲ್ಲ ಎಂದಿತು. 2022ರಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಇವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ಅದೇ ಕೋರ್ಟ್ ಹೇಳಿತು. ನಡುವಿನ ಹದಿನಾರು ವರ್ಷದಲ್ಲಿ ಕೆಲಸವೇನೂ ಹಗುರಾಗಲಿಲ್ಲ. 2023ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಸೇವಿಕೆಯರು ಮುಷ್ಕರ ಹೂಡಿ ಹೊಸ ವರ್ಷದವರೆಗೂ ಪಟ್ಟು ಬಿಡದೆ ಕೂತರು. ಡಿಕೋಸ್ಟಾ ತೀರ್ಪು ಅವರ ನೆರವಿಗೆ ಬರುವಂತಿರಲಿಲ್ಲ. ಅಂಗನವಾಡಿಯಲ್ಲಿ ಗಂಡಸು ಸೇವಕನಿಲ್ಲ, ಹೋಲಿಸುವುದು ಯಾರೊಂದಿಗೆ?

ಸಂಬಳವನ್ನು ನಿರ್ಧರಿಸುವುದು ಮಾರುಕಟ್ಟೆ, ಕಾನೂನಲ್ಲ ಎನ್ನುವವರಿದ್ದಾರೆ. ಅಂಗನವಾಡಿಗೆ ಯಾವ ಮಾರುಕಟ್ಟೆ? ಅಲ್ಲಿ ದರ ಕಟ್ಟುವುದು ಸರ್ಕಾರದ ಆದೇಶ. ಮಕ್ಕಳಾದ ಮೇಲೆ ಹೆಂಗಸರ ದುಡಿಮೆಯ ಗಂಟೆಗಳೂ ಅನುಭವವೂ ಕಡಿಮೆಯಾಗುತ್ತವೆ, ಅಂತರ ಅದರಿಂದ ಹುಟ್ಟುತ್ತದೆ ಎಂಬ ವಾದ ಹೆಚ್ಚು ಗಂಭೀರವಾದದ್ದು. 2023ರಲ್ಲಿ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರು ಶ್ರೀಮಂತ ದೇಶಗಳಲ್ಲಿ ಇಂದು ಉಳಿದಿರುವ ಅಂತರದ ದೊಡ್ಡ ಭಾಗ ಮೊದಲ ಮಗುವಿನ ನಂತರ ಮೂಡುತ್ತದೆ ಎಂದು ತೋರಿಸಿದ್ದಾರೆ. ಮುಂಬಯಿಯ ಪೊವಾಯಿಯ ಕಚೇರಿಗಳ ಮಟ್ಟಿಗೆ ಇದನ್ನು ಒಪ್ಪಬಹುದು. ಆದರೆ ಹೆಣ್ಣಾಳಿನ ಕೂಲಿ ಅವಳ ಅನುಭವವನ್ನೂ ಮಕ್ಕಳನ್ನೂ ಕೇಳುವುದಿಲ್ಲ. ಬೆಳಿಗ್ಗೆ ಕೂಲಿಯಾಳುಗಳು ಸೇರುವ ನಾಕಾದಲ್ಲಿ ಅವಳು ಬಂದು ನಿಲ್ಲುವ ಮೊದಲೇ ಅದು ಗೊತ್ತಾಗಿರುತ್ತದೆ. ಇನ್ನು ಬೇರೆ ಬೇರೆ ಕೆಲಸಗಳ ಬೆಲೆಯನ್ನು ಅಳೆಯುವವರು ಯಾರು ಎಂಬ ಪ್ರಶ್ನೆ. ಅದನ್ನು ನಾವು ದಶಕಗಳಿಂದ ಅಳೆಯುತ್ತಲೇ ಬಂದಿದ್ದೇವೆ. ಡ್ರೈವರ್, ಗುಮಾಸ್ತ, ಫಿಟ್ಟರ್, ಜವಾನ ಮಾಡುವುದು ಒಂದೇ ಕೆಲಸವಲ್ಲ, ಆದರೂ ವೇತನ ಆಯೋಗಗಳು ಅವರನ್ನೆಲ್ಲ ಒಂದೇ ಕೋಷ್ಟಕದಲ್ಲಿ ಮಟ್ಟ ಗೊತ್ತುಮಾಡಿ ಕೂರಿಸಿವೆ. ಆ ವಿದ್ಯೆ ಅಂಗನವಾಡಿಯ ಬಾಗಿಲಿಗೆ ಬಂದಾಗ ಮಾತ್ರ ಅಸಾಧ್ಯವಾಗುವುದೇಕೆ?

ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಎನ್ನುವ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 100ನೇ ಒಡಂಬಡಿಕೆಯನ್ನು ಭಾರತ 1958ರಲ್ಲೇ ಒಪ್ಪಿಕೊಂಡಿದೆ. ಮೌಲ್ಯ ಎಂದಾಗ ಹೋಲಿಕೆಗೆ ಅದೇ ಕೆಲಸದ ಗಂಡಸೇ ಬೇಕೆಂದಿಲ್ಲ, ಸೇವಿಕೆಯ ಹೊಣೆಯನ್ನು ಪಾಲಿಕೆಯ ಗುಮಾಸ್ತನ ಹೊಣೆಯ ಪಕ್ಕದಲ್ಲಿಟ್ಟು ನೋಡಬಹುದು. 1976ರ ಕಾಯ್ದೆ ಆ ಪದವನ್ನು ಕೈಬಿಟ್ಟಿತು. ಅದರ ಜಾಗಕ್ಕೆ ಬಂದು 2025ರ ನವೆಂಬರ್ 21ರಿಂದ ಜಾರಿಯಾದ 2019ರ ವೇತನ ಸಂಹಿತೆಯ ಮೂರನೇ ಸೆಕ್ಷನ್ನೂ 'ಅದೇ ಕೆಲಸ ಅಥವಾ ಅದೇ ಬಗೆಯ ಕೆಲಸ' ಎಂದೇ ಹೇಳುತ್ತದೆ. ಸಂಹಿತೆ ಬರೆಯುವವರ ಮುಂದೆ ಡಿಕೋಸ್ಟಾ ತೀರ್ಪಿತ್ತು, ಅಂಗನವಾಡಿಯ ನಾಲ್ಕು ದಶಕವಿತ್ತು. ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ರಾಷ್ಟ್ರಪತಿಗಳ ಅಂಕಿತ ಪಡೆದು ತಮ್ಮ ಮಟ್ಟಿಗೆ ಈ ಸೆಕ್ಷನ್ನಿಗೆ 'ಸಮಾನ ಮೌಲ್ಯ'ವನ್ನು ಸೇರಿಸಲು ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಅವಕಾಶವಿದೆ. ಹಾಗೆ ಮಾಡುವ ಸರ್ಕಾರ ಮೊದಲು ತೂಗಬೇಕಾದದ್ದು ತಾನೇ ಗೌರವಧನದಲ್ಲಿ ದುಡಿಸಿಕೊಳ್ಳುತ್ತಿರುವ ಹೆಂಗಸರ ಕೆಲಸವನ್ನು.